ಹತ್ತಿ ಬಿಡಿಸುವ ಕಾಲದಲ್ಲಿ ಮುತ್ಯಾ ಏನು ಮಾಡಬೇಕು?

ನಮ್ಮ ಕಡೆ ಎತ್ತಿಗೆ ಸೋಮವಾರ ಬಿಡುವು. ಎಷ್ಟೇ ಅವಸರ ಇದ್ದರೂ ಆ ದಿನ ಅದರ ಹೆಗಲ ಮೇಲೆ ನೊಗ ಇಡುವುದಿಲ್ಲ. ಆದರೆ ಆ ಎತ್ತಿನ ಹಿಂದೆ ನಲವತ್ತು ವರ್ಷ ನಡೆದ ಮನೆಯ ಹಿರಿಯರ ಬಿಡುವಿನ ಬಗ್ಗೆ ನಾವು ಯೋಚನೆ ಮಾಡಿದ್ದು ಕಡಿಮೆ. ವಯಸ್ಸಾದವರಿಗೆ ಬಿಡುವಿಗೆ ಬರ ಇಲ್ಲ. ಅದರೊಳಗೆ ಏನೂ ಇಲ್ಲ ಎಂಬುದೇ ತೊಂದರೆ.

ಇದು ನನಗೆ ತಿಳಿದದ್ದು ನಮ್ಮ ಅಪ್ಪನಿಂದ. ಮೊಣಕಾಲು ಸೋತ ಮೇಲೆ ಹೊಲಕ್ಕೆ ಬರುವುದು ಬಿಟ್ಟರು. ದಸರಾ ಮುಗಿದು ಹತ್ತಿ ಒಡೆದಾಗ ನಾವೆಲ್ಲ ನಸುಕಿನಲ್ಲೇ ಹೊಲ ಸೇರುತ್ತಿದ್ದೆವು. "ಯಪ್ಪಾ, ಮನಿ ಕಡಿ ಲಕ್ಷ್ಯ ಇಡು" ಅಂತ ಹೇಳಿ ಹೋಗುವುದು, ಕತ್ತಲಾದ ಮೇಲೆ ಬರುವುದು. ಒಂದು ಸಂಜೆ ಬಂದಾಗ ಅಪ್ಪ ಬೆಳಿಗ್ಗೆ ಕುಳಿತ ಜಾಗದಲ್ಲೇ ಕುಳಿತಿದ್ದರು. ಮುಚ್ಚಿಟ್ಟ ರೊಟ್ಟಿ ಹಾಗೇ ಇತ್ತು. "ಯಾಕ ಉಂಡಿಲ್ಲ?" ಅಂದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. "ಇವತ್ತು ಯಾವ ವಾರಪಾ?" ಅಂತ ಕೇಳಿದರು. ಮಳೆ ನಕ್ಷತ್ರಗಳನ್ನು ಬೆರಳ ಮೇಲೆ ಎಣಿಸಿ ಬಿತ್ತನೆಗೆ ದಿನ ಹೇಳುತ್ತಿದ್ದ ಮನುಷ್ಯ ಅವರು.

ಮೊದಲು ಹೀಗಿರಲಿಲ್ಲ, ಯಾಕೆ?

ಒಣಬೇಸಾಯದ ಕಾಲದಲ್ಲಿ ಹಸ್ತ, ಚಿತ್ತ ಮಳೆಯ ಹೊತ್ತಿಗೆ ಬಿಳಿಜೋಳ ಬಿತ್ತಿ ಮುಗಿಯುತ್ತಿತ್ತು. ಎಡೆ ಹೊಡೆಯುವುದೊಂದು ಬಿಟ್ಟರೆ ಕೈತುಂಬ ಕೆಲಸ ಇರುತ್ತಿರಲಿಲ್ಲ. ಸಣ್ಣವರು, ದೊಡ್ಡವರು ಎಲ್ಲರಿಗೂ ಒಂದೇ ಸಲ ಪುರಸತ್ತು. ಗುಡಿಕಟ್ಟೆ ತಾನಾಗಿ ತುಂಬುತ್ತಿತ್ತು.

ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರ ಕಡೆ ಭತ್ತ, ಹತ್ತಿ ಹೆಚ್ಚಿದವು. ಹತ್ತಿ ಒಂದೇ ಸಲಕ್ಕೆ ಮುಗಿಯುವ ಪೀಕಲ್ಲ. ಮೂರು, ನಾಲ್ಕು ಸಲ ಬಿಡಿಸಬೇಕು. ಅದೇ ಹೊತ್ತಿಗೆ ಭತ್ತದ ಕೊಯ್ಲು. ನೀರು ನಮಗೆ ಅನ್ನ ಕೊಟ್ಟಿತು, ಅದನ್ನು ದೂರುವುದಿಲ್ಲ. ಆದರೆ ಬೆಳೆಯೇ ಮಾಡಿಕೊಡುತ್ತಿದ್ದ ಬಿಡುವು ಹೋಯಿತು. ಈಗ ಹಿರಿಯರಿಗೆ ಜೊತೆ ಬೇಕಾದರೆ ನಾವೇ ಹೊತ್ತು ಎತ್ತಿಡಬೇಕು, ಬೀಜಕ್ಕೆ ಕಾಳು ಎತ್ತಿಟ್ಟ ಹಾಗೆ.

ನಮ್ಮ ಮನೆಯಲ್ಲಿ ಸೋಮವಾರ ಮಧ್ಯಾಹ್ನದ ನಂತರ ಹತ್ತಿ ಬಿಡಿಸುವುದಿಲ್ಲ. ಉಳಿದದ್ದು ಮರುದಿನ ಬಿಡಿಸುತ್ತೇವೆ. ಮಳೆ ಮೋಡ ಇದ್ದರೆ ಮಾತ್ರ ವಾರ ಬದಲಾಗುತ್ತದೆ, ತಪ್ಪುವುದಿಲ್ಲ. ನಾವು ಮಾಡಿ ನೋಡಿದ ಕೆಲವನ್ನು ಇಲ್ಲಿ ಬರೆದಿದ್ದೇನೆ.

ಚೌಕಾಬಾರ

ಕಟ್ಟಿಮನಿ ಅಂತಲೂ ಕರೆಯುತ್ತಾರೆ. ಸೀಮೆಸುಣ್ಣ, ನಾಲ್ಕು ಕವಡೆ ಇದ್ದರೆ ಸಾಕು. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಮಗ್ಗುಲು ಬಿಳುಪಾಗುವ ತನಕ ಕಲ್ಲಿಗೆ ತಿಕ್ಕಿ ಬಳಸಬಹುದು.

ಅಡ್ಡ 5, ಉದ್ದ 5, ಒಟ್ಟು 25 ಮನೆ ಬರೆಯಿರಿ. ನಾಲ್ಕು ಬದಿಯ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಗುಣಿಸು ಗುರುತು ಹಾಕಿ. ಅಲ್ಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಒಬ್ಬೊಬ್ಬರಿಗೆ 4 ಕಾಯಿ. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ 4, ನಾಲ್ಕೂ ಬೋರಲಾದರೆ 8. ಈ ಎರಡು ಬಿದ್ದರೆ ಇನ್ನೊಂದು ಆಟ. ಹೊರಗಿನ 16 ಮನೆ ಸುತ್ತಿ, ಒಳಗಿನ 8 ಮನೆಯನ್ನು ಎದುರು ದಿಕ್ಕಿಗೆ ಸುತ್ತಿ, ನಡುಮನೆ ಸೇರಿದರೆ ಕಾಯಿ ಹಣ್ಣು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಊರೂರಿಗೆ ನಿಯಮ ಸ್ವಲ್ಪ ಬೇರೆ ಇರುತ್ತದೆ, ಮುತ್ಯಾ ಹೇಳಿದ್ದೇ ಕಾಯ್ದೆ ಆಗಲಿ.

ನೆಲದ ಮೇಲೆ ಬರೆಯಬೇಡಿ, ಮೊಣಕಾಲು ನೋವಿನವರಿಗೆ ಕೂರಲು ಆಗುವುದಿಲ್ಲ. ನಾವು ಹಳೆಯ ಹಲಗೆಯ ಮೇಲೆ ದಪ್ಪ ಗೆರೆ ಎಳೆದು ಹೊರಸಿನ ಎದುರು ಸ್ಟೂಲಿನ ಮೇಲೆ ಇಟ್ಟೆವು. ಕಣ್ಣು ಮಂದ ಇದ್ದವರಿಗೆ ಕಾಯಿ ದೊಡ್ಡದಿರಲಿ. ಒಬ್ಬರ ಕಾಯಿ ಹುಣಸೆ ಬೀಜ, ಇನ್ನೊಬ್ಬರದು ಬಿಳಿ ಕಲ್ಲು.

ಮೊದಲ ಸೋಮವಾರ ಅಪ್ಪ ಆಟದ ಕಡೆ ತಿರುಗಿ ನೋಡಲಿಲ್ಲ. ಎರಡನೆಯ ವಾರ ನನ್ನ ಮಗ ತಪ್ಪು ನಡೆಸಿದಾಗ "ಏ ಖೋಡಿ, ಅದು ಕಟ್ಟಿಮನಿ, ಅಲ್ಲಿ ಕಡೀಲಿಕ್ಕಿ ಬರಂಗಿಲ್ಲ" ಅಂದರು. ಅವತ್ತಿನಿಂದ ಶುರು.

ಭಜನೆ

ನಮ್ಮ ಸೀಮೆ ತತ್ವಪದದ ಸೀಮೆ. ಪಕ್ಕದ ಯಡ್ರಾಮಿ ತಾಲೂಕಿನ ಕಡಕೋಳ ಮಡಿವಾಳಪ್ಪನವರ ಪದ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದ ಇಂದಿಗೂ ಹಾಡುತ್ತಾರೆ. ನಿನ್ನೆ ಏನು ಉಂಡೆ ಎಂಬುದು ಮರೆತ ಹಿರಿಯರು ಏಕತಾರಿ ನುಡಿಸಿದರೆ ಪದದ ನುಡಿ ನುಡಿ ಹೇಳುವುದನ್ನು ನಾನು ಕಂಡಿದ್ದೇನೆ. ಕಾರ್ತಿಕದಲ್ಲಿ ಗುಡಿಯಲ್ಲಿ ದೀಪ ಹಚ್ಚಲು ಹೇಗೂ ಮಂದಿ ಸೇರುತ್ತಾರೆ. ಭಜನೆಯನ್ನು ರಾತ್ರಿ ಹತ್ತಕ್ಕೆ ಬದಲು ಆರೂವರೆಗೆ ಶುರು ಮಾಡಿದರೆ ವಯಸ್ಸಾದವರೂ ಬರಬಹುದು. ಕೈಯಲ್ಲಿ ತಾಳ ಕೊಡಿ. ಹಾಡಲು ದಮ್ಮು ಸಾಲದವರಿಗೂ ತಾಳ ಹಾಕಲು ಆಗುತ್ತದೆ.

ಆಯಿಗೆ ಬಿಡುವು ಎಲ್ಲಿ?

ಮುತ್ಯಾನ ಬಿಡುವಿನ ಮಾತಾಡುವಾಗ ಆಯಿಯನ್ನು ಮರೆಯುತ್ತೇವೆ. ಹತ್ತಿ ಬಿಡಿಸುವ ಕಾಲದಲ್ಲಿ ಅಡುಗೆ, ಕೂಸು, ಕರು ಎಲ್ಲ ಆಕೆಯ ತಲೆ ಮೇಲೆ. ಮೊದಲು ಆ ಕೆಲಸವನ್ನು ಅರ್ಧ ದಿನ ನಾವು ಹೊರಬೇಕು. ಆಮೇಲೆ ಆಕೆಯ ಓಣಿಯ ಗೆಳತಿಯರನ್ನು ಕೌದಿ ಹೊಲಿಯಲು ಕರೆಯಿರಿ. ಚಳಿ ಬರುವ ಮುಂಚೆ ಕೌದಿ ಬೇಕಾಗಿಯೇ ಇರುತ್ತದೆ. ಹತ್ತು ಸೂಜಿಗೆ ಮೊಮ್ಮಗಳು ಮೊದಲೇ ದಾರ ಪೋಣಿಸಿ ಇಡಲಿ. ಕೈ ಹೊಲಿಯುತ್ತಿದ್ದರೆ ಬೀಸುವ ಹಾಡು ತಾನಾಗಿ ಬರುತ್ತದೆ.

ತಾಂಡಾಗಳಲ್ಲಿ ದೀಪಾವಳಿಗೆ ಲಂಬಾಣಿ ಹುಡುಗಿಯರು ದೀಪ ಹಿಡಿದು ಮನೆ ಮನೆಗೆ ಹೋಗಿ ಹಿರಿಯರಿಗೆ 'ಮೇರಾ' ಹೇಳುತ್ತಾರೆ. ಹಿರಿಯರು ಎದ್ದು ಹೋಗಬೇಕಿಲ್ಲ, ಹಬ್ಬವೇ ಅವರ ಬಾಗಿಲಿಗೆ ಬರುತ್ತದೆ. ದಸರಾದ ಬನ್ನಿ ಕೊಡಲು ನಾವೂ ಮೊದಲು ಹೊರಗೆ ಬರಲಾಗದವರ ಮನೆಗೆ ಹೋದರೆ ಹೇಗೆ?

ಹೊಲ ತೋರಿಸಿ, ಊರು ತೋರಿಸಿ

ಚರಗ ಚೆಲ್ಲುವ ದಿನ ಹಿರಿಯರನ್ನು ಬಿಟ್ಟು ಹೋಗಬೇಡಿ. ಕೆಲವರು ಸೀಗಿ ಹುಣ್ಣಿಮೆಗೆ ಚೆಲ್ಲುತ್ತಾರೆ, ಕೆಲವರು ಎಳ್ಳಮಾವಾಸ್ಯೆಗೆ. ಟ್ರ್ಯಾಲಿ ಹತ್ತಿಸುವುದಾದರೆ ಗಟ್ಟಿ ಸ್ಟೂಲು ಇಟ್ಟು ಇಬ್ಬರು ಹಿಡಿಯಿರಿ, ಒಳಗೆ ಹುಲ್ಲು ಹಾಸಿರಿ. ಔಷಧಿ ಹೊಡೆದ ಹೊಲದ ಬದುವಿನಲ್ಲಿ ಮಾತ್ರ ಕೂರಿಸಬೇಡಿ.

ವರ್ಷಕ್ಕೊಮ್ಮೆ ವಾಹನ ಸಿಕ್ಕರೆ ದೂರ ಹೋಗಬೇಕಿಲ್ಲ. ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ಹತ್ತುವುದು ಬೇಡ, ರಸ್ತೆಯಲ್ಲಿ ನಿಂತರೇ ಮಲಗಿದ ಆಕಾರ ಕಾಣುತ್ತದೆ. ಸುರಪುರ ತಾಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುತ್ತವೆ. ಸುರಪುರದಲ್ಲಿ ಮೆಡೋಸ್ ಟೇಲರ್ ಕಟ್ಟಿಸಿದ ಮಂಜಿಲ್ ಇದೆ. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕರ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುವ ಕೆಲಸ ಮುತ್ಯಾನದೇ. ಯಾದಗಿರಿಯ ಕೋಟೆಯನ್ನು ಕೆಳಗಿನಿಂದಲೇ ನೋಡಿದರೆ ಸಾಕು.

ನಡಿಗೆ ಮತ್ತು ಎಚ್ಚರ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ 65 ದಾಟಿದವರೂ ವಾರಕ್ಕೆ 150 ನಿಮಿಷವಾದರೂ ಮೈ ಆಡಿಸಬೇಕು. ಬೀಳದಂತೆ ತೋಲ ಹಿಡಿಯುವ, ಶಕ್ತಿ ಕೂಡಿಸುವ ಅಭ್ಯಾಸ ವಾರಕ್ಕೆ ಮೂರು ದಿನ ಬೇಕು. ಆಗದವರು ತಮ್ಮ ಶಕ್ತಿಗೆ ತಕ್ಕಷ್ಟು ಮಾಡಿದರೆ ಸಾಕು. ನಿಧಾನದ ಕೋಲಾಟದ ಹೆಜ್ಜೆ ತೋಲಕ್ಕೆ ಒಳ್ಳೆಯದು. ನಿಲ್ಲಲಾಗದವರು ಕುಳಿತೇ ಕೋಲು ಹಾಕಬಹುದು.

ಅಕ್ಟೋಬರಿನ ಮಧ್ಯಾಹ್ನದ ಬಿಸಿಲು ಚುರುಕು. ಬೆಳಿಗ್ಗೆ ಅಥವಾ ನಾಲ್ಕರ ನಂತರ ಹೊರಡಬೇಕು. ದೀಪಾವಳಿ ಹೊತ್ತಿಗೆ ಆರಕ್ಕೆಲ್ಲ ಕತ್ತಲು, ಕೈಯಲ್ಲಿ ಬ್ಯಾಟರಿ, ಕೋಲು ಇರಲಿ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದವರು ಆಟದಲ್ಲಿ ಊಟದ ಹೊತ್ತು ಮೀರಿಸಬಾರದು. ಎದೆನೋವು, ತಲೆಸುತ್ತು ಇದ್ದವರು ವೈದ್ಯರನ್ನು ಕೇಳಿಯೇ ಕೋಲಾಟಕ್ಕೆ ಇಳಿಯಬೇಕು.

ಇಷ್ಟಕ್ಕೆಲ್ಲ ನಮಗೆ ಆದ ಖರ್ಚು ಕವಡೆಯದು ಮಾತ್ರ. ಅಪ್ಪನ ಮೊಣಕಾಲು ಸರಿಹೋಗಿಲ್ಲ, ಮರೆವು ಪೂರ್ತಿ ಹೋಗಿಲ್ಲ. ಆದರೆ ವಾರ ಯಾವುದು ಅಂತ ಈಗ ಕೇಳುವುದಿಲ್ಲ. ಭಾನುವಾರ ರಾತ್ರಿಯೇ ಹಲಗೆ ಒರೆಸಿ ಇಡುತ್ತಾರೆ. "ನಾಳಿ ಸ್ವಾಮಾರ. ಹೊಲದಾಗ ಬಾಳ ಹೊತ್ತು ಕೂಡಬ್ಯಾಡ್ರಿ, ಲಗೂನ ಬರ್ರಿ" ಅಂತ ನಮಗೇ ಹೇಳುತ್ತಾರೆ.