ರಾಜ್ಮಾ ಚೊರಿಸ್ ಮಾಡುವಾಗ

ಮಳೆಗಾಲಕ್ಕೆ ಒಪ್ಪುವ ಗೋವಾದ ಊಟ ಫೆಜೋಆದ, ಅಂದರೆ ಚೊರಿಸ್ ಹಾಕಿದ ರಾಜ್ಮಾ. ಹೆಸರು ಪೋರ್ಚುಗೀಸರದು, ಕಾಳಿನಿಂದ ಬಂದದ್ದು. ರುಚಿಯ ಗುಟ್ಟು ತಾಯಂದಿರಿಗೇ ಗೊತ್ತು. ನಾನು ಹೇಳುವುದು ಕಾಳಿನ ವಿಷಯ.

ಸರಿಯಾಗಿ ಬೇಯದ ಕೆಂಪು ರಾಜ್ಮಾದಲ್ಲಿ ವಿಷಾಂಶವಿರುತ್ತದೆ. ನಾಲ್ಕೈದು ಹಸಿ ಕಾಳು ತಿಂದರೂ ಸಾಕು, ಮೂರು ಗಂಟೆಯೊಳಗೆ ವಾಂತಿ, ಆಮೇಲೆ ಭೇದಿ. ಆದುದರಿಂದ ರಾತ್ರಿಯೇ ನೆನೆಹಾಕಿ, ಆ ನೀರನ್ನು ಚೆಲ್ಲಿಬಿಡಿರಿ. ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತನೆ ಕುದಿಸಿ, ಬಳಿಕ ಮೆತ್ತಗಾಗುವ ತನಕ ಬೇಯಿಸಿರಿ. ಸೌದೆ ಉಳಿಸಲೆಂದು ಬರೀ ಸಣ್ಣ ಉರಿಯಲ್ಲಿಟ್ಟರೆ ವಿಷ ಹೋಗುವುದಿಲ್ಲ.

ಚೊರಿಸ್ ಒಣಗಿಸಿದ್ದಾದರೂ ಹಸಿ ಹಂದಿಮಾಂಸವೇ. ದಾರ, ತೊಗಲು ಬಿಡಿಸಿ, ಈರುಳ್ಳಿಯೊಡನೆ ಚೆನ್ನಾಗಿ ಬೇಯಿಸಿ ಕಾಳಿಗೆ ಸೇರಿಸಿರಿ. ಉಪ್ಪು, ಖಾರ, ಹುಳಿ, ಕೊಬ್ಬು ಎಲ್ಲವೂ ಅದರಲ್ಲೇ ಧಾರಾಳ. ರುಚಿ ನೋಡದೆ ಉಪ್ಪು ಹಾಕಬೇಡಿರಿ. ರಕ್ತದೊತ್ತಡವಿರುವ ಹಿರಿಯರಿಗೆ ಕಾಳು ಹೆಚ್ಚು, ಚೊರಿಸ್ ಒಂದೆರಡೇ ತುಂಡು ಬಡಿಸಿರಿ. ಗೊಣಗುತ್ತಾರೆ, ಗೊಣಗಲಿ.