ಫುಟ್‌ಬಾಲ್ ಪಾರ್ಟಿ ಎಲ್ಲಿ ಹೋಯಿತು?

ದ್ವಿತೀಯ ಪಿಯು ಕಲಾ ವಿಭಾಗದಲ್ಲಿ ರಾಜಕೀಯ ಪಕ್ಷಗಳ ಪಾಠ ನಡೆದಿತ್ತು. ರಾಷ್ಟ್ರೀಯ ಪಕ್ಷ, ರಾಜ್ಯ ಪಕ್ಷ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: “ಸರ್, ಫುಟ್‌ಬಾಲ್ ಪಾರ್ಟಿ ಎಲ್ಲಿ ಹೋತ್ರಿ?” ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಒಂದು ಪಕ್ಷ ನಮ್ಮ ಕಣ್ಣೆದುರೇ ಹುಟ್ಟಿ, ಮತ ಪಡೆದು, ಶಾಸಕರನ್ನೂ ಗೆಲ್ಲಿಸಿ, ಆಮೇಲೆ ಇಲ್ಲವಾಗುವುದು ಹೇಗೆ? ಅಂದು ಗಂಟೆ ಹೊಡೆದಿದ್ದರಿಂದ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ.

ಹದಿನೈದು ತಿಂಗಳ ಪಕ್ಷ

ಆ ವಿದ್ಯಾರ್ಥಿ ಕೇಳಿದ್ದು ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ ಬಗ್ಗೆ. ಬಿಜೆಪಿ ಸರ್ಕಾರದಲ್ಲಿ ಸಚಿವರಾಗಿದ್ದ ಗಾಲಿ ಜನಾರ್ದನ ರೆಡ್ಡಿ 2022ರ ಡಿಸೆಂಬರ್ 25ರಂದು ಇದನ್ನು ಘೋಷಿಸಿದರು. ಗಣಿ ಪ್ರಕರಣದಲ್ಲಿ 2011ರಲ್ಲಿ ಬಂಧನಕ್ಕೊಳಗಾಗಿ, 2015ರಲ್ಲಿ ಜಾಮೀನಿನ ಮೇಲೆ ಹೊರಬಂದಿದ್ದ ಅವರಿಗೆ ಬಳ್ಳಾರಿಯಲ್ಲಿ ಉಳಿಯಲು ನ್ಯಾಯಾಲಯದ ನಿರ್ಬಂಧವಿತ್ತು. ಹಾಗಾಗಿ ಗಂಗಾವತಿಯನ್ನು ಆರಿಸಿಕೊಂಡರು. ಸಿಂಧನೂರಿನಿಂದ ಕಾರಟಗಿ ದಾಟಿದರೆ ಸಿಗುವ ಊರು ಅದು. ತುಂಗಭದ್ರಾ ಎಡದಂಡೆ ನಾಲೆಯ ನೀರು ನಮಗೆ ಬರುವುದೂ ಆ ಕಡೆಯಿಂದಲೇ.

2023ರ ಮೇ ಚುನಾವಣೆಯಲ್ಲಿ ಪಕ್ಷ ನಲವತ್ತಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ಸ್ಪರ್ಧಿಸಿತು. ಗೆದ್ದದ್ದು ಒಂದೇ. ಗಂಗಾವತಿಯಲ್ಲಿ ರೆಡ್ಡಿ 66,213 ಮತ ಪಡೆದು ಕಾಂಗ್ರೆಸ್ಸಿನ ಇಕ್ಬಾಲ್ ಅನ್ಸಾರಿ ಅವರನ್ನು 8,266 ಮತಗಳಿಂದ ಸೋಲಿಸಿದರು. 2024ರ ಮಾರ್ಚ್ 25ರಂದು, ಅಂದರೆ ಪಕ್ಷಕ್ಕೆ ಸರಿಯಾಗಿ ಹದಿನೈದು ತಿಂಗಳು ತುಂಬಿದ ದಿನ, ಅದು ಬಿಜೆಪಿಯಲ್ಲಿ ವಿಲೀನವಾಯಿತು.

ಇದು ಮೊದಲನೆಯದಲ್ಲ

ಹತ್ತು ವರ್ಷ ಹಿಂದೆಯೂ ಇಂಥದ್ದೇ ನಡೆದಿತ್ತು. ಬಿ. ಶ್ರೀರಾಮುಲು 2011ರಲ್ಲಿ ಬಿಜೆಪಿ ಬಿಟ್ಟು, ಬಳ್ಳಾರಿ ಗ್ರಾಮೀಣ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಗೆದ್ದರು. ನಂತರ ಬಡವರ ಶ್ರಮಿಕರ ರೈತರ ಕಾಂಗ್ರೆಸ್, ಅಂದರೆ ಬಿಎಸ್ಆರ್ ಕಾಂಗ್ರೆಸ್ ಕಟ್ಟಿದರು. ಬಸವಕಲ್ಯಾಣದಿಂದ ಬೆಂಗಳೂರಿನವರೆಗೆ ಪಾದಯಾತ್ರೆ ಮಾಡಿದರು. 2013ರಲ್ಲಿ ಪಕ್ಷಕ್ಕೆ ನಾಲ್ಕು ಸ್ಥಾನ ಬಂದವು: ಬಳ್ಳಾರಿ ಗ್ರಾಮೀಣ, ಕಂಪ್ಲಿ, ಮೊಳಕಾಲ್ಮೂರು ಮತ್ತು ಕುಡಚಿ.

ಅದೇ ಹೊತ್ತಿಗೆ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಿಜೆಪಿಯಿಂದ ಹೊರಬಂದು, 2012ರ ಡಿಸೆಂಬರ್‌ನಲ್ಲಿ ಹಾವೇರಿಯ ಸಮಾವೇಶದಲ್ಲಿ ಕರ್ನಾಟಕ ಜನತಾ ಪಕ್ಷದ (ಕೆಜೆಪಿ) ನಾಯಕತ್ವ ವಹಿಸಿಕೊಂಡರು. ತೆಂಗಿನಕಾಯಿ ಅದರ ಗುರುತು. ಅದಕ್ಕೆ ಆರು ಸ್ಥಾನ ಸಿಕ್ಕವು: ಶಿಕಾರಿಪುರ, ಹಿರೇಕೆರೂರು, ಬೈಲಹೊಂಗಲ, ಆಳಂದ, ಶಹಾಪುರ ಮತ್ತು ಬೀದರ್. ಎರಡೂ ಪಕ್ಷಗಳ ಹತ್ತು ಸ್ಥಾನಗಳಲ್ಲಿ ಐದು ನಮ್ಮ ಕಲ್ಯಾಣ ಕರ್ನಾಟಕದವು. 2014ರ ಲೋಕಸಭಾ ಚುನಾವಣೆಗೆ ಮೊದಲೇ ಇಬ್ಬರೂ ನಾಯಕರು ಬಿಜೆಪಿಗೆ ಮರಳಿದರು. ಎರಡೂ ಪಕ್ಷಗಳ ಕಥೆ ಅಲ್ಲಿಗೆ ಮುಗಿಯಿತು.

ಮತ ಬಂದರೂ ಸ್ಥಾನ ಯಾಕೆ ಬರುವುದಿಲ್ಲ?

ಕೆಜೆಪಿಗೆ ರಾಜ್ಯದಲ್ಲಿ ಶೇ 10ರ ಸಮೀಪ ಮತ ಬಿದ್ದಿತ್ತು. ಆ ಲೆಕ್ಕದಲ್ಲಿ 224 ಸ್ಥಾನಗಳಲ್ಲಿ 22 ಬರಬೇಕಲ್ಲವೇ ಎಂದು ಕೇಳಬಹುದು. ನಮ್ಮ ಪದ್ಧತಿ ಹಾಗಿಲ್ಲ. ಪ್ರತಿ ಕ್ಷೇತ್ರದಲ್ಲೂ ಎಲ್ಲರಿಗಿಂತ ಹೆಚ್ಚು ಮತ ಪಡೆದವರೊಬ್ಬರೇ ಗೆಲ್ಲುತ್ತಾರೆ. ಹತ್ತಾರು ಕ್ಷೇತ್ರಗಳಲ್ಲಿ ಹರಡಿಹೋದ ಮತ ಇನ್ನೊಬ್ಬರನ್ನು ಸೋಲಿಸಬಲ್ಲದು, ತನ್ನವರನ್ನು ಗೆಲ್ಲಿಸಲಾರದು. ಆ ಚುನಾವಣೆಯಲ್ಲಿ 110ರಿಂದ 40ಕ್ಕೆ ಇಳಿದ ಬಿಜೆಪಿಗೂ, ಆರಕ್ಕೇ ನಿಂತ ಕೆಜೆಪಿಗೂ ಬೇರೆ ಬೇರೆ ಇದ್ದರೆ ಇಬ್ಬರಿಗೂ ನಷ್ಟ ಎಂದು ತಿಳಿಯಿತು. ವಿಲೀನದ ಬೀಜ ಫಲಿತಾಂಶದ ದಿನವೇ ಬಿದ್ದಿತ್ತು.

ಕಾನೂನು ಏನು ಹೇಳುತ್ತದೆ?

ಪಕ್ಷ ಕಟ್ಟುವುದು ಕಷ್ಟವಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ವಿಧಿಯಡಿ ಚುನಾವಣಾ ಆಯೋಗದಲ್ಲಿ ನೋಂದಣಿ ಮಾಡಿಸಬೇಕು. ಕನಿಷ್ಠ 100 ಮತದಾರರು ಸದಸ್ಯರಾಗಿರಬೇಕು. ಆದರೆ ನೋಂದಣಿ ಬೇರೆ, ಮಾನ್ಯತೆ ಬೇರೆ. ರಾಜ್ಯ ಪಕ್ಷವೆಂಬ ಮಾನ್ಯತೆಗೆ, ಉದಾಹರಣೆಗೆ, ವಿಧಾನಸಭಾ ಚುನಾವಣೆಯಲ್ಲಿ ಶೇ 6ರಷ್ಟು ಮತದ ಜೊತೆಗೆ ಎರಡು ಸ್ಥಾನವಾದರೂ ಬೇಕು. ಕಾಯಂ ಗುರುತು ಸಿಗುವುದು ಮಾನ್ಯತೆ ಪಡೆದ ಪಕ್ಷಕ್ಕೆ ಮಾತ್ರ.

ಪಕ್ಷ ಮುಚ್ಚುವುದೂ ಅಷ್ಟೇ ಸುಲಭ. ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ಗೆದ್ದ ಪಕ್ಷ ಬಿಟ್ಟ ಶಾಸಕ ಸ್ಥಾನ ಕಳೆದುಕೊಳ್ಳುತ್ತಾನೆ. ಆದರೆ ಪಕ್ಷವೇ ವಿಲೀನವಾಗಿ, ಅದರ ಶಾಸಕರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ಸ್ಥಾನಕ್ಕೆ ಕುತ್ತಿಲ್ಲ. ಈಗ ಲೆಕ್ಕ ಹಾಕಿ. ಆರು ಶಾಸಕರಿದ್ದರೆ ನಾಲ್ವರು ಒಪ್ಪಬೇಕು. ಒಬ್ಬರೇ ಇದ್ದರೆ? ತಮ್ಮ ಒಪ್ಪಿಗೆ ತಾವೇ ಕೊಟ್ಟರೆ ಸಾಕು. ಕಾಂಗ್ರೆಸ್ಸೂ ಬೇಡ, ಬಿಜೆಪಿಯೂ ಬೇಡ ಎಂದು ಫುಟ್‌ಬಾಲ್ ಗುರುತಿಗೆ ಒತ್ತಿದ ಗಂಗಾವತಿಯ ಮತದಾರನನ್ನು ಯಾರೂ ಕೇಳಬೇಕಾಗಿಲ್ಲ.

ನಮ್ಮ ಮೂರು ಕ್ಷೇತ್ರಗಳು

ಪಕ್ಷಕ್ಕಿಂತ ವ್ಯಕ್ತಿ ದೊಡ್ಡವನಾಗುವುದು ಹೊಸ ಪಕ್ಷಗಳಲ್ಲಿ ಮಾತ್ರವಲ್ಲ. ಲಿಂಗಸುಗೂರಿನಲ್ಲಿ ಮಾನಪ್ಪ ವಜ್ಜಲ್ 2008ರಲ್ಲಿ ಬಿಜೆಪಿಯಿಂದ, 2013ರಲ್ಲಿ ಜೆಡಿಎಸ್‌ನಿಂದ, 2023ರಲ್ಲಿ ಮತ್ತೆ ಬಿಜೆಪಿಯಿಂದ ಗೆದ್ದರು. ಸಿಂಧನೂರಿನಲ್ಲಿ 2013ರಿಂದ ಕಾಂಗ್ರೆಸ್ಸಿನ ಹಂಪನಗೌಡ ಬಾದರ್ಲಿ ಮತ್ತು ಜೆಡಿಎಸ್‌ನ ವೆಂಕಟರಾವ್ ನಾಡಗೌಡರ ನಡುವೆ ಸ್ಥಾನ ಅದಲುಬದಲಾಗಿದೆ.

ಮಸ್ಕಿಯ ಕಥೆ ಇನ್ನೂ ವಿಚಿತ್ರ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲ್ ಬಿಜೆಪಿಯ ಬಸನಗೌಡ ತುರ್ವಿಹಾಳ ವಿರುದ್ಧ ಕೇವಲ 213 ಮತಗಳಿಂದ ಗೆದ್ದರು. 2019ರಲ್ಲಿ ರಾಜೀನಾಮೆ ಕೊಟ್ಟು, ಅನರ್ಹಗೊಂಡು, ಬಿಜೆಪಿ ಸೇರಿದರು. 2021ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಅಭ್ಯರ್ಥಿಗಳು ಅವರೇ, ಪಕ್ಷಗಳು ಮಾತ್ರ ಅದಲುಬದಲು. ಈ ಸಲ ಕಾಂಗ್ರೆಸ್ಸಿನಿಂದ ನಿಂತ ತುರ್ವಿಹಾಳ 30,606 ಮತಗಳಿಂದ ಗೆದ್ದರು. ಪಕ್ಷ ಬದಲಿಸಿದ್ದಕ್ಕೆ ಮಾತ್ರ ಮತದಾರ ಹೀಗೆ ಮಾಡಿದ ಎನ್ನಲಾಗದು. ಆ ದಿನಗಳಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಪಾಮನಕಲ್ಲೂರಿನಲ್ಲಿ ಧರಣಿ ಕೂತಿದ್ದರು. ಮತ ಕೇಳಲು ಬಂದವರೆಲ್ಲ ಆ ನೀರಿನ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು.

ಉಳಿಯುವುದು ಯಾವುದು?

ಕೆಜೆಪಿಯ ಸಮಾವೇಶ ನಡೆದ 2012ರ ಡಿಸೆಂಬರ್ ತಿಂಗಳಲ್ಲೇ ದೆಹಲಿಯಲ್ಲಿ ಇನ್ನೊಂದು ಕೆಲಸವಾಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಯ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ನೀಡಿತು. ಅದರ ಹಿಂದೆ ಹಲವು ವರ್ಷಗಳ ಹೋರಾಟವಿತ್ತು. ವೈಜನಾಥ ಪಾಟೀಲರಂಥವರು ಅದರ ಮುಂದಾಳುಗಳು. ಅಧಿಕಾರದ ಪಕ್ಷ ಬದಲಾದರೂ ಬೇಡಿಕೆ ಬದಲಾಗಲಿಲ್ಲ. ಮುಂದಿನ ವರ್ಷ ನೀವು ಸಿಇಟಿ ಬರೆದು ಸೀಟಿಗೆ ಅರ್ಜಿ ಹಾಕುವಾಗ ಜೊತೆಗಿಡುವ 371(ಜೆ) ಪ್ರಮಾಣಪತ್ರ ಆ ಹೋರಾಟದ ಫಲ. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ಹೊರಗಿನ ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳ ಮೀಸಲು ಅದರಿಂದಲೇ ಬಂದದ್ದು.

ಒಬ್ಬ ನಾಯಕನ ಸಿಟ್ಟಿನಿಂದ ಹುಟ್ಟಿದ ಪಕ್ಷ ಆ ಸಿಟ್ಟು ಇಳಿದಾಗ ಮುಗಿಯುತ್ತದೆ. ಜನರ ಬೇಡಿಕೆ ಹಾಗೆ ಮುಗಿಯುವುದಿಲ್ಲ. ಹೊಸ ಪಕ್ಷವೆಲ್ಲ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಬೇರೆ ದಾರಿ ಬೇಕೆಂದು ಮತ ಹಾಕಿದವರ ಆಸೆಯೂ ನಿಜವೇ. ಆದರೆ ಮುಂದೆ ಹೊಸ ಬಾವುಟ ಬಂದಾಗ ಮೂರು ಪ್ರಶ್ನೆ ಕೇಳಿ: ಈ ನಾಯಕನಿಲ್ಲದಿದ್ದರೆ ಪಕ್ಷ ಇರುತ್ತದೆಯೇ? ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದಕ್ಕೆ ಕೆಲಸಗಾರರಿದ್ದಾರೆಯೇ? ಸೋತ ಮರುದಿನವೂ ನಮ್ಮ ಕಾಲುವೆ, ನಮ್ಮ ಕಾಲೇಜಿನ ಮಾತು ಆಡುತ್ತದೆಯೇ?

ಕೊನೆಗೊಂದು ಮಾತು. 17 ವರ್ಷ ತುಂಬಿದವರು ಮತದಾರರ ಪಟ್ಟಿಗೆ ಮುಂಚಿತವಾಗಿಯೇ ಅರ್ಜಿ ಹಾಕಬಹುದು; 18 ತುಂಬಿದ ಮೇಲೆ ಹೆಸರು ಸೇರುತ್ತದೆ. ಬೇಕಾದದ್ದು ನಮೂನೆ 6. ನಿಮ್ಮ ಓಣಿಯ ಬಿಎಲ್ಒ ಅವರನ್ನು ಕೇಳಿದರೆ ತಿಳಿಸುತ್ತಾರೆ. ಹಿಂದಿನ ಬೆಂಚಿನವರು ಮೊದಲು ಹೋಗಲಿ. ಪ್ರಶ್ನೆ ಕೇಳಿದವರು ಅವರೇ ತಾನೆ!