ಹಳೆಯ ಸೈಕಲ್ಲಿನ ಗೇರು ಮತ್ತು ಎಣ್ಣೆಯ ವಿವೇಕ

ಹುಮನಾಬಾದ ತಾಲ್ಲೂಕಿನ ಹಳ್ಳಿಖೇಡ (ಬಿ) ಪಟ್ಟಣದಲ್ಲಿ, ಸಹಕಾರಿ ಸಕ್ಕರೆ ಕಾರ್ಖಾನೆಯತ್ತ ಕಬ್ಬು ಹೊತ್ತು ಸಾಗುತ್ತಿದ್ದ ಬಂಡಿಗಳೆಬ್ಬಿಸಿದ ಧೂಳಿನ ನಡುವೆ ದಶಕಗಳ ಕಾಲ ಸಂಚರಿಸಿದ ಸೈಕಲ್ಲುಗಳಲ್ಲಿ ಬಹುಪಾಲು ಗೇರೆಂಬುದನ್ನೇ ಅರಿಯದವು. ಏರು ಬಂದರೆ ಇಳಿದು ತಳ್ಳುವುದೇ ಅವುಗಳ ಗೇರು. ಆದುದರಿಂದ, ಅಟ್ಟದಿಂದಲೋ ಗುಜರಿಯಿಂದಲೋ ಹೊರಬಂದ ಹಳೆಯ ಇಂಗ್ಲಿಷ್ ರಾಲೀ ಸೈಕಲ್ಲೊಂದು, ಹ್ಯಾಂಡಲ್ಲಿನ ಮೇಲೆ ಗೇರು ಬದಲಿಸುವ ಪುಟ್ಟ ಸನ್ನೆಯೊಂದನ್ನು ಧರಿಸಿ ಇಲ್ಲಿನ ಮಿಸ್ತ್ರಿಯ ಕೈ ಸೇರಿದರೆ, ಎಣ್ಣೆ ಎಲ್ಲಿ ಬಿಡಬೇಕು, ಅದಕ್ಕಿಂತ ಮುಖ್ಯವಾಗಿ ಎಲ್ಲಿ ಬಿಡಬಾರದು ಎಂಬ ವಿವೇಕ ಅಗತ್ಯವಾಗುತ್ತದೆ.

ಆ ಸನ್ನೆ ಸಾಮಾನ್ಯವಾಗಿ ನಾಟಿಂಗ್‌ಹ್ಯಾಮಿನ ಸ್ಟರ್ಮೀ-ಆರ್ಚರ್ ಸಂಸ್ಥೆಯದು. 1902ರಷ್ಟು ಹಿಂದಿನ ಪರಂಪರೆಯ ಈ ಸಂಸ್ಥೆ 1930ರ ದಶಕದಲ್ಲಿ ರೂಪಿಸಿದ ‘ಎ.ಡಬ್ಲ್ಯು.’ ಎಂಬ ಹಿಂಗಾಲಿಯ ಹಬ್‌ನಲ್ಲಿ, ನಡುವಣ ಹಲ್ಲುಗಾಲಿಯ ಸುತ್ತ ಚಿಕ್ಕ ಹಲ್ಲುಗಾಲಿಗಳು ಗ್ರಹಗಳಂತೆ ಪರಿಭ್ರಮಿಸುತ್ತವೆ: ಎರಡನೆಯ ಗೇರು ನೇರ, ಮೊದಲನೆಯದು ವೇಗವನ್ನು ಕಾಲುಭಾಗ ತಗ್ಗಿಸುವಂಥದ್ದು, ಮೂರನೆಯದು ಮೂರರಲ್ಲೊಂದು ಪಾಲು ಹೆಚ್ಚಿಸುವಂಥದ್ದು.

ನಮ್ಮ ಸೀಮೆಯಲ್ಲಿ ಅಡುಗೆಮನೆಯೊಳಗೆ ಕೈಗೆ ಸಿಕ್ಕುವುದು ಕುಸುಬೆಯೆಣ್ಣೆ; ಅದನ್ನೇ ಈ ಸನ್ನೆಗೆ ನಾಲ್ಕು ಹನಿ ಬಿಡುವ ಮೋಹ ಸಹಜವಾದರೂ ಅನರ್ಥಕಾರಿ. ರೊಟ್ಟಿ-ಪಲ್ಯದೊಡನೆ ಅಮೃತಪ್ರಾಯವಾದ ಅದು ಗಾಳಿಯ ಆಮ್ಲಜನಕವನ್ನು ಹೀರಿ ಕ್ರಮೇಣ ಗಟ್ಟಿ ಪೊರೆಯಾಗುವ ಜಾತಿಯದು. ಈ ಗುಣಕ್ಕಾಗಿಯೇ ಬಣ್ಣದ ತಯಾರಿಕೆಯಲ್ಲಿಯೂ ಅದಕ್ಕೆ ಬೇಡಿಕೆ. ಸನ್ನೆಯೊಳಗಿನ ಕೊಕ್ಕೆ ಹಾಗೂ ಸ್ಪ್ರಿಂಗು ಆ ಪೊರೆಯಲ್ಲಿ ಸಿಕ್ಕಿಬಿದ್ದರೆ ಗೇರು ಬೀಳುವುದಿಲ್ಲ. ಹಳೆಯ ಜಿಡ್ಡನ್ನು ಚಿಮಣಿ ಎಣ್ಣೆಯಲ್ಲಿ ನೆನೆಹಾಕಿ, ಬ್ರಷ್ಷಿನಿಂದ ತೊಳೆದು, ಒಣಗಿಸಿ, ಬಳಿಕ ತೆಳುವಾದ ಖನಿಜತೈಲವನ್ನು ಒಂದೆರಡು ಹನಿ ಬಿಡಬೇಕು. ರಿವೆಟ್ಟು ಹೊಡೆದ ಸನ್ನೆಯನ್ನು ಬಿಚ್ಚುವ ಸಾಹಸ ಬೇಡ. ಹಬ್‌ನ ಮೈಮೇಲಿನ ಪುಟ್ಟ ಮುಚ್ಚಳ ತೆರೆದು ಅಲ್ಲಿಯೂ ಅದೇ ಜಾತಿಯ ಎಣ್ಣೆ ಹನಿಸಬೇಕು. ಹೊರಗೆ ಸುರಿದದ್ದನ್ನು ಒರೆಸದಿದ್ದರೆ ಧೂಳು ಅಂಟಿ ಉಜ್ಜುಪುಡಿಯಾಗಿ ಲೋಹವನ್ನೇ ತಿನ್ನುತ್ತದೆ.

ಚೈನನ್ನು ಹಲ್ಲುಗಾಲಿಯಿಂದ ಹಲ್ಲುಗಾಲಿಗೆ ದಾಟಿಸುವ ರೇಸಿಂಗ್ ಸೈಕಲ್ಲುಗಳ ಹಳೆಯ ಸನ್ನೆಯ ಧರ್ಮವೇ ಬೇರೆ. ಅನೇಕ ಮಾದರಿಗಳಲ್ಲಿ ಅದನ್ನು ನಿಂತಲ್ಲಿ ನಿಲ್ಲಿಸುವುದು ವಾಷರುಗಳ ಘರ್ಷಣೆ ಮಾತ್ರ. ಅಲ್ಲಿ ಎಣ್ಣೆ ಸೇರಿತೆಂದರೆ, ಹಿಂದಣ ಸ್ಪ್ರಿಂಗಿನ ಸೆಳೆತಕ್ಕೆ ಸನ್ನೆ ತಾನಾಗಿ ಜಾರಿ, ಸವಾರನ ಅಪ್ಪಣೆಗೆ ಕಾಯದೆ ಗೇರು ಬದಲಾಗುತ್ತದೆ. ವಾಷರುಗಳು ಒಣಗಿರಬೇಕು, ಹೊರಗಿನ ಸ್ಕ್ರೂ ಹದವಾಗಿ ಬಿಗಿದಿರಬೇಕು.

ಸ್ಟರ್ಮೀಗೆ ಕೊನೆಯ ಕೆಲಸ ಕೇಬಲ್ಲಿನದು. ಎರಡನೆಯ ಗೇರಿನಲ್ಲಿಟ್ಟು ಅಚ್ಚಿನ ನಟ್ಟಿನ ಕಿಂಡಿಯೊಳಗೆ ನೋಡಿದರೆ, ಕೇಬಲ್ಲಿನ ಪುಟ್ಟ ಸರಪಣಿ ಕೂಡುವಲ್ಲಿನ ಕಡ್ಡಿಯ ತುದಿ ಅಚ್ಚಿನ ತುದಿಗೆ ಸಮನಾಗಿರಬೇಕು. ಇಲ್ಲವಾದರೆ ಎರಡು ಮೂರರ ನಡುವಣ ಶೂನ್ಯಸ್ಥಾನದಲ್ಲಿ ಪೆಡಲು ಹಠಾತ್ತನೆ ಬರಿದಾಗಿ, ಏರಿನಲ್ಲಿ ಎದ್ದು ನಿಂತು ತುಳಿಯುತ್ತಿದ್ದವನು ನಡುಕಂಬಿಯ ಮೇಲೆ ಬೀಳುತ್ತಾನೆ. ಸರಿಪಡಿಸುವ ತಿರುಪನ್ನು ಕೈಯಿಂದಲೇ ತಿರುಗಿಸಿ, ಅದರ ತಡೆನಟ್ಟನ್ನು ಮಾತ್ರ ಪಾನಾದಿಂದ ಬಿಗಿಯಬೇಕು.